ಒಳಗೆ ಅಡ್ಡ, ಹೊರಗೆ ಉದ್ದ

ಮನೆಯಿಂದ,
ಮಾರ್ಚ್ ಹನ್ನೊಂದು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲ ಡಿಪೋ ಕ್ಯಾಂಟೀನಿನವರು ಹಾಕಿದ್ದನ್ನು ನಿಂತಲ್ಲೇ ನುಂಗಿ ಮತ್ತೆ ಬಸ್ಸಿನ ಗಾಜು ಒರೆಸಲು ಓಡುತ್ತೀಯಾ? ಎಡಗೈ ಬೆರಳುಸಂದಿಯಲ್ಲಿ ಚರ್ಮ ಬಿರಿಯುತ್ತಿತ್ತಲ್ಲ, ವಾಸಿಯಾಯಿತೇ? ಗ್ಲೌಸ್ ಹಾಕಿಕೋ. ಹಾಕಿಕೊಳ್ಳುವುದಿಲ್ಲ ಎಂದು ಗೊತ್ತು, ಆದರೂ ಹೇಳುವುದು ನನ್ನ ಕರ್ಮ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋಯುತ್ತದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ನಾನೂ ಗಟ್ಟಿಯಾಗಿದ್ದೇನೆ. ಪ್ರತಿ ಭಾನುವಾರ ನೀನು ಅಮ್ಮನಿಗೆ ಫೋನ್ ಮಾಡುತ್ತೀಯ, ನಾನು ಎತ್ತಿ ಹಲೋ ಎಂದರೆ ಇಟ್ಟುಬಿಡುತ್ತೀಯ. ನಾಲ್ಕು ತಿಂಗಳಾಯಿತು. ಪತ್ರವನ್ನಾದರೆ ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ ಎಂದುಕೊಂಡು ಬರೆಯಲು ಕೂತಿದ್ದೇನೆ. ಹರಿದು ಹಾಕಬಹುದು. ಹಾಕಬೇಡ, ಇದಕ್ಕಾಗಿ ಇವತ್ತು ಕೆಲಸಕ್ಕೆ ರಜೆ ಹಾಕಿದ್ದೇನೆ.

ಮೊದಲು ಕೆಲಸದ ಸುದ್ದಿ. ಮೂಲೆಯ ಬೇಕರಿಯವನು ನಮ್ಮನ್ನು ಕರೆದಿದ್ದಾನೆ. ಅಂಗಡಿಯ ಮುಂದಿನ ಎರಡಾಳೆತ್ತರದ ಗಾಜು, ಹಿಂದೆ ಒಲೆಗಳಿರುವ ಕೋಣೆಯ ಆರು ಕಿಟಕಿ, ಜೊತೆಗೆ ಬ್ರೆಡ್ ಸಾಗಿಸುವ ವ್ಯಾನು. ವ್ಯಾನಿನ ಗಾಜಿಗೆ ಒಳಗಿನಿಂದ ಕಪ್ಪು ಫಿಲ್ಮ್ ಅಂಟಿಸಿದ್ದಾನೆ. ಎಲ್ಲಕ್ಕೂ ಒಂದೇ ಬಾಟಲಿ ಸಾಕಂತೆ ಅವನಿಗೆ. "ಗಾಜು ಅಂದ್ರೆ ಗಾಜು ತಾನೇ, ಮನೇದಾದ್ರೇನು ಗಾಡೀದಾದ್ರೇನು" ಎಂದ. ನನಗೆ ಮೈಯೆಲ್ಲ ಉರಿಯಿತು. ನೀನಿದ್ದಿದ್ದರೆ ನಗುನಗುತ್ತಲೇ ಅವನಿಗೆ ಅರ್ಧ ಗಂಟೆ ಪಾಠ ಮಾಡುತ್ತಿದ್ದೆ. ಒಲೆಯ ಜಿಡ್ಡಿಗೆ ಅಮೋನಿಯಾ ಇರುವ ಖಾರವಾದ ನೀರು ಬೇಕು, ಅದೇ ನೀರು ಫಿಲ್ಮಿಗೆ ತಾಗಿದರೆ ಗುಳ್ಳೆ ಎದ್ದು, ನೇರಳೆ ಬಣ್ಣಕ್ಕೆ ತಿರುಗಿ, ಸುಲಿದು ಬರುತ್ತದೆ ಎಂದು. ನಾನು ಪಾಠ ಮಾಡಲಿಲ್ಲ. "ನಿಮ್ಮ ಬ್ರೆಡ್ಡಿನ ವಿಷಯಕ್ಕೆ ನಾನು ಬಂದಿದ್ದೀನಾ?" ಎಂದೆ. ಆದರೂ ಕೆಲಸ ಕೊಟ್ಟ, ಪುಣ್ಯಾತ್ಮ.

ಹಾಗಾಗಿ ಮೂರು ದಿನದಿಂದ ನಮ್ಮ ಅಡುಗೆಮನೆಯ ಕಿಟಕಿಯ ಮೇಲೆ ಪರೀಕ್ಷೆ ನಡೆಸಿದ್ದೇನೆ. ಗಾಜಿನ ಒಳಬದಿಯನ್ನು ಮೂರು ಪಾಲು ಮಾಡಿ ಒಂದಕ್ಕೆ ವಿನೆಗರ್ ನೀರು, ಒಂದಕ್ಕೆ ಸೋಪಿನ ನೀರು, ಒಂದಕ್ಕೆ ಅಂಗಡಿಯಿಂದ ತಂದ ಹೊಸದು. ಅದರಲ್ಲಿ ಅಮೋನಿಯಾ ಇಲ್ಲವೆಂದು ಚೀಟಿಯ ಮೇಲೆ ಬರೆದಿದ್ದಾರೆ. ಸೋಪಿನದು ಮಂಜು ಕವಿದಂತೆ ಉಳಿಯಿತು. ಅಂಗಡಿಯದು ಪರವಾಗಿಲ್ಲ, ವ್ಯಾನಿಗೆ ಅದೇ ಎಂದು ತೀರ್ಮಾನಿಸಿದ್ದೇನೆ. ಮುಂದಿನ ದೊಡ್ಡ ಗಾಜಿಗೆ ವಿನೆಗರ್ ಎಂದುಕೊಂಡಿದ್ದೇನೆ, ಆದರೆ ನೀನು ಮಾಡುತ್ತಿದ್ದ ಹದ ಬರುತ್ತಿಲ್ಲ. ನಾಲ್ಕು ಲೋಟ ನೀರಿಗೆ ಒಂದು ಲೋಟವೋ, ಆರಕ್ಕೆ ಒಂದೋ? ನಿನ್ನ ಕಣ್ಣಳತೆ ನಿನ್ನ ಜೊತೆಗೇ ಗಂಟುಮೂಟೆ ಕಟ್ಟಿತು. ನಿನ್ನೆ ಜಾಸ್ತಿಯಾಗಿ ಮನೆಯೆಲ್ಲ ಹುಳಿ ವಾಸನೆ. ಅಮ್ಮ ಮೂಗಿಗೆ ಸೆರಗು ಹಿಡಿದುಕೊಂಡು, "ಇವಳ ಕೈಗೆ ಕೊಟ್ಟರೆ ಕಿಟಕೀನೂ ಉಪ್ಪಿನಕಾಯಿ ಆಗುತ್ತೆ" ಎಂದಳು.

ಒಬ್ಬಳೇ ಒರೆಸುವಾಗ ಏನು ಕಷ್ಟ ಗೊತ್ತಾ? ಆಚೆ ಕಡೆ ಯಾರೂ ಇರುವುದಿಲ್ಲ. ಏಳು ವರ್ಷ ಗಾಜಿನ ಈಚೆ ನಾನು, ಆಚೆ ಏಣಿಯ ಮೇಲೆ ನೀನು. ನಿನ್ನ ಉದ್ದಕ್ಕೆ ಏಣಿ ದಂಡ ಎಂದು ಎಷ್ಟು ಗೇಲಿ ಮಾಡುತ್ತಿದ್ದೆ ನಾನು. ಒಳಗಿನವರು ಬಟ್ಟೆಯನ್ನು ಅಡ್ಡಡ್ಡ ಎಳೆಯಬೇಕು, ಹೊರಗಿನವರು ಉದ್ದುದ್ದ ಎಳೆಯಬೇಕು, ಗೆರೆ ಉಳಿದರೆ ಯಾರ ಗೆರೆ ಎಂದು ಕೂಡಲೇ ಗೊತ್ತಾಗಬೇಕು ಎಂದು ನೀನೇ ನಿಯಮ ಮಾಡಿದ್ದೆ. ಗೆರೆ ಬಿಟ್ಟವರು ಸಂಜೆ ಬಟ್ಟೆಗಳನ್ನು ಒಗೆಯಬೇಕು. ನನ್ನ ಅಡ್ಡಗೆರೆ ಕಂಡರೆ ಆಚೆಯಿಂದ ಗಾಜಿಗೆ ಬೆರಳಿಟ್ಟು, ಮಾತಿಲ್ಲದೆ, ಹುಬ್ಬು ಹಾರಿಸುತ್ತಿದ್ದೆಯಲ್ಲ, ಅದಕ್ಕೆ ಎಷ್ಟು ಸಿಟ್ಟು ಬರುತ್ತಿತ್ತು! ಈಗ ಒಳಗೂ ನಾನೇ, ಹೊರಗೂ ನಾನೇ. ಹೊರಗಿನಿಂದ ಒರೆಸುವಾಗಲೂ ಅಭ್ಯಾಸಬಲ, ಒಳಗೆ ಯಾರಾದರೂ ಇದ್ದಾರಾ ಎಂದು ಇಣುಕುತ್ತೇನೆ. ನೀನಿಲ್ಲದೆ ಬೇಜಾರು ಕಣೋ. ಸುಮ್ಮನೆ ಸುತ್ತಿ ಬಳಸಿ ಯಾಕೆ ಹೇಳಲಿ.

ದಂತವೈದ್ಯೆ ತಮ್ಮ ಕಾರಿನ ಗಾಜಿಗೆ ಹೊಸ ಫಿಲ್ಮ್ ಹಾಕಿಸಿಕೊಂಡಿದ್ದಾರೆ. ಆ ವಿಷಯ ಎತ್ತಬಾರದು ಎಂದೇ ಇದ್ದೆ, ಆದರೆ ಎತ್ತದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಅವತ್ತು ಕ್ಲಿನಿಕ್ಕಿನ ಕಿಟಕಿ ನನಗೆ, ಅಂಗಳದಲ್ಲಿದ್ದ ಅವರ ಕಾರು ನಿನಗೆ. ಅಮೋನಿಯಾ ಇರುವ ಮನೆ ಗಾಜಿನ ನೀರಿಗೆ ಹಸಿರು ಸ್ಪ್ರೇ ಮುಚ್ಚಳ, ಕಾರಿನದಕ್ಕೆ ಬಿಳಿ ಮುಚ್ಚಳ. ಎರಡೂ ನೀರು ತಿಳಿನೀಲಿ, ಮುಚ್ಚಳವೇ ಗುರುತು. ಹದಿನೈದು ದಿನದಲ್ಲಿ ಅವರ ಕಾರಿನ ಹಿಂದಿನ ಗಾಜು ಸುಟ್ಟ ಚರ್ಮದಂತೆ ಗುಳ್ಳೆ ಎದ್ದಿತು. ಅವರು ನಮ್ಮಿಬ್ಬರನ್ನೂ ಕರೆಸಿ ತೋರಿಸಿದಾಗ, ಕಾಯುತ್ತಾ ಕೂತಿದ್ದ ಅಷ್ಟೂ ಜನರ ಮುಂದೆ ನಾನು ನಿನಗೆ, "ಕಣ್ಣೇನು ಮನೇಲಿ ಬಿಟ್ಟು ಬಂದಿದ್ಯಾ? ಇನ್ನು ನಿನ್ನ ಕೈಗೆ ಬಾಟಲಿ ಕೊಡಲ್ಲ" ಎಂದುಬಿಟ್ಟೆ. ನೀನು ಹೇಳಿದ್ದು ಒಂದೇ ಮಾತು: "ಅಕ್ಕಾ, ನಾನು ತಗೊಂಡಿದ್ದು ಬಿಳಿ ಮುಚ್ಚಳದ್ದೇ." ನಾನು ನಂಬಲಿಲ್ಲ. ಮೂರನೇ ದಿನ ನೀನು ಹೊರಟೇ ಹೋದೆ. ಆ ಎರಡು ಬಾಟಲಿಗಳನ್ನು ಆ ಬೆಳಿಗ್ಗೆ ತುಂಬಿದವಳು ನಾನು. ನೆಗಡಿಯಿಂದ ಮೂಗು ಕಟ್ಟಿತ್ತು, ಅವಸರ ಬೇರೆ ಇತ್ತು. ಇರಲಿ, ಅದನ್ನು ಬಿಡು.

ಡಿಪೋದಲ್ಲಿ ನಿನ್ನ ಕೆಲಸ ಕಾಯಂ ಮಾಡುತ್ತಾರಂತೆ, ಒಪ್ಪಿಗೆಯೋ ಇಲ್ಲವೋ ಎಂದು ಈ ಶನಿವಾರದೊಳಗೆ ಹೇಳಬೇಕಂತೆ, ಒಪ್ಪಿದರೆ ಐದು ವರ್ಷ ಬಿಡುವಂತಿಲ್ಲವಂತೆ. ಅಮ್ಮ ಹೇಳಿದಳು. ಹೇಳಿ, ನಿನ್ನ ತಟ್ಟೆಯನ್ನು ಕಪಾಟಿನ ಮೇಲಿನ ಅಟ್ಟಕ್ಕೆ ಎತ್ತಿಟ್ಟಳು. ಆಮೇಲೆ ತಾನೇ ಮತ್ತೆ ಇಳಿಸಿದಳು. ಒಳ್ಳೆಯ ಕೆಲಸ, ನೆರಳಿನಲ್ಲಿ ಮಾಡುವ ಕೆಲಸ, ನಿನಗೆ ಇಷ್ಟವಿದ್ದರೆ ಒಪ್ಪಿಕೋ. ನಾನು ಅಡ್ಡ ಬರುವುದಿಲ್ಲ. ಬಿಸಿಲಲ್ಲಿ ಮಾತ್ರ ಗಾಜಿಗೆ ನೀರು ಹೊಡೆಯಬೇಡ, ಒರೆಸುವ ಮೊದಲೇ ಒಣಗಿ ಕಲೆ ಕೂರುತ್ತದೆ. ಇದನ್ನೂ ನನಗೆ ಕಲಿಸಿದವನು ನೀನೇ, ನೋಡು.

ಎಲ್ಲಿದ್ದರೂ ನೂರು ಕಾಲ ಚೆನ್ನಾಗಿರು, ಏಣಿ ಹತ್ತುವಾಗ ನೋಡಿಕೊಂಡು ಹತ್ತು. ಅಮ್ಮ ನಿನ್ನ ತಲೆ ನೇವರಿಸಿದ್ದೇನೆಂದು ಬರೆ ಎಂದಳು. ಅವಳ ಕೈಗೆ ಎಟುಕುವಂತೆ ನೀನು ಬಗ್ಗಬೇಕಾಗುತ್ತದೆ ಎಂದು ನಾನೇ ಸೇರಿಸುತ್ತಿದ್ದೇನೆ.

ನಿನ್ನ
ಅಕ್ಕ

ಮರೆತ ಮಾತು: ಮರೆತಿಲ್ಲ, ಸುಳ್ಳು. ಇದನ್ನು ಬರೆಯಲೆಂದೇ ಕೂತವಳು ಇಷ್ಟುದ್ದ ವಿನೆಗರ್ ಪುರಾಣ ಹೇಳಿದೆ. ಕಳೆದ ಶುಕ್ರವಾರ ಒರೆಸುವ ಬಟ್ಟೆ ಮಾಡೋಣವೆಂದು ನನ್ನ ಹಳೆಯ ದಪ್ಪ ಏಪ್ರನ್ ಕತ್ತರಿಸಲು ತೆಗೆದೆ. ಅವತ್ತು ಕ್ಲಿನಿಕ್ಕಿಗೆ ಹಾಕಿಕೊಂಡು ಹೋದದ್ದು, ಆಮೇಲೆ ಮುಟ್ಟಿರಲಿಲ್ಲ. ಜೇಬಿನಲ್ಲಿ ಹಸಿರು ಮುಚ್ಚಳ ಇತ್ತು. ಕೈಗೆ ಸಿಕ್ಕ ಕೂಡಲೇ ಎಲ್ಲ ನೆನಪಾಯಿತು. ಆ ಬೆಳಿಗ್ಗೆ ಅದು ಕಟ್ಟಿಕೊಂಡಿತ್ತು, ಒತ್ತಿದರೆ ನೀರು ಬರುತ್ತಿರಲಿಲ್ಲ. ಆಮೇಲೆ ಬದಲಿಸಿದರಾಯಿತು ಎಂದು ಮನೆ ನೀರಿನ ಬಾಟಲಿಗೆ ಒಂದು ಹಳೆಯ ಬಿಳಿ ಮುಚ್ಚಳ ತಿರುಗಿಸಿ, ಇದನ್ನು ಜೇಬಿಗೆ ಹಾಕಿಕೊಂಡು, ಮರೆತೇಬಿಟ್ಟೆ. ಅವತ್ತು ಎರಡು ಬಾಟಲಿಗೂ ಬಿಳಿ ಮುಚ್ಚಳವೇ. ನೀನು ತೆಗೆದುಕೊಂಡದ್ದು ಬಿಳಿ ಮುಚ್ಚಳದ್ದೇ. ತಪ್ಪು ನನ್ನದು. ಮರುದಿನವೇ ಕ್ಲಿನಿಕ್ಕಿಗೆ ಹೋಗಿ, ಕಾಯುತ್ತಾ ಕೂತವರ ಮುಂದೆಯೇ ವೈದ್ಯೆಗೆ ಹೇಳಿ ಬಂದೆ. "ತಮ್ಮನಿಗೆ ಹೇಳಿದ್ರಾ?" ಎಂದು ಕೇಳಿದರು. ಅವರ ರೋಗಿಗಳ ಹಾಗೆ ಬಾಯಿ ಬಿಟ್ಟುಕೊಂಡು ನಿಂತೆ. ಹಸಿರು ಮುಚ್ಚಳವನ್ನು ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ, ಉಬ್ಬಿದೆ ಎಂದು ಅಂಚೆಯವರು ಬೈದರೂ ಸರಿ. ಅಡ್ಡ ಬರುವುದಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಶನಿವಾರ ಡಿಪೋದವರಿಗೆ ಹ್ಞೂಂ ಎನ್ನಬೇಡ, ಬಾ. ಅಡುಗೆಮನೆ ಕಿಟಕಿಯ ಒಳಗಡೆ ಒರೆಸಿ ಮುಗಿಸಿದ್ದೇನೆ. ಹೊರಗಡೆ ಮುಟ್ಟಿಲ್ಲ.