ಕೂತ್ಕೋ ಅಂದ ಅಣ್ಣನಿಗೆ

ಅಬರ್ಡೀನ್, ಫ್ರೀಟೌನ್
ಮಂಗಳವಾರ, ಫೆಬ್ರವರಿ ೧೧

ಪ್ರೀತಿಯ ತಾಂಬಾ ಅಣ್ಣಾ,

ಹೇಗಿದ್ದೀಯ? ಯೇಯಿ ಅತ್ತಿಗೆ, ಮಕ್ಕಳು ಎಲ್ಲ ಸುಖವಾಗಿದ್ದಾರಾ? ಈ ಧೂಳುಗಾಳಿಗೆ ನಿನ್ನ ಕೆಮ್ಮು ಕೆರಳಿಲ್ಲ ತಾನೆ? ನಿನ್ನ ಎಡಗೈ ಹೇಗಿದೆ? ಎಡಗಾಲು? ಸೊಟ್ಟಗಾಗಿದ್ದ ಬಾಯಿ ನೆಟ್ಟಗಾಯಿತಾ? ಹೌದು, ಗೊತ್ತಾಗಿದೆ ನನಗೆ. ಅಕ್ಟೋಬರಿನಲ್ಲಿ ನಿನಗೆ ಲಕ್ವ ಹೊಡೆದಿದ್ದು, ಒಡಹುಟ್ಟಿದ ತಂಗಿಗೆ ಒಂದು ಮಾತು ಹೇಳಕೂಡದು ಅಂತ ನೀನು ಮನೆಮಂದಿಗೆಲ್ಲ ಆಣೆ ಹಾಕಿಸಿದ್ದು, ಎಲ್ಲಾನೂ ಮೊನ್ನೆ ಶನಿವಾರ ಸಂಜೆ ಐಯಾ ಚಿಕ್ಕಪ್ಪನ ಬಾಯಿಂದ ಬಂತು. ನಾಲ್ಕು ತಿಂಗಳು, ಅಣ್ಣ! ಆ ನಾಲ್ಕು ತಿಂಗಳಲ್ಲಿ ನೀನು ನನಗೆ ಎಂಟು ಸಲ ಫೋನ್ ಮಾಡಿದ್ದೀಯ, ಎಂಟು ಸಲಾನೂ ಬೈದಿದ್ದೀಯ. ನಾಲಿಗೆ ಯಾಕೆ ತೊದಲುತ್ತೆ ಅಂತ ಕೇಳಿದರೆ ಹಲ್ಲುನೋವು ಅಂದೆ. ಚೆಂಡು ಅನ್ನೋ ಮಾತು ನನ್ನ ಬಾಯಿಂದ ಬಂದ ತಕ್ಷಣ ಲೈನ್ ಕಟ್ ಮಾಡೋದು ನಿನ್ನ ಅಭ್ಯಾಸ. ಅದಕ್ಕೇ ಕಾಗದ ಬರೀತಿದ್ದೀನಿ. ಅತ್ತಿಗೆ, ನೀನು ಗಟ್ಟಿಯಾಗಿ ಓದಿಹೇಳು. ಸಾಕು ನಿಲ್ಲಿಸು ಅಂತ ಅವನು ರೇಗಿದರೆ ಇನ್ನೂ ಗಟ್ಟಿಯಾಗಿ ಓದು.

ಮೊದಲು ನಿನ್ನ ದೂರಿಗೆ ಉತ್ತರ. ಕಳೆದ ತಿಂಗಳು ಪೇಪರಿನಲ್ಲಿ ನನ್ನ ಫೋಟೋ ಬಂತು. ಎರಡು ಊರುಗೋಲು ಮರಳಿಗೆ ಊರಿ, ಇರೋ ಒಂದು ಕಾಲನ್ನ ಸೊಂಟದ ಮಟ್ಟಕ್ಕೆ ಎತ್ತಿ ಚೆಂಡು ಒದೀತಿದ್ದೀನಿ. ಆ ಪೇಪರನ್ನ ನಮ್ಮೂರು ಕೊಯ್ಡುವಿನ ಯಾವನೋ ತಂದು ನಿನ್ನ ಮುಂದೆ ಹಿಡಿದ. ನೀನು ನೋಡಿ ಏನಂದೆ? "ನಮ್ಮ ಮನೆತನದ ಮಾನ ಒಂಟಿಕಾಲಲ್ಲಿ ಕುಣೀತಾ ಇದೆ" ಅಂದೆ. ಭಿಕ್ಷೆ ಬೇಡುವವರ ಫೋಟೋನೂ ಅದೇ ಪೇಪರಿನಲ್ಲಿ ಬರುತ್ತೆ, ಅದಕ್ಕೆ ಯಾರ ಮಾನವೂ ಹೋಗಲ್ಲ. ಕಾಲಿಲ್ಲದವಳು ಮಸೀದಿ ಮೆಟ್ಟಿಲ ಮೇಲೆ ಬಟ್ಟಲು ಹಿಡಿದು ಕೂತರೆ ಅಯ್ಯೋ ಪಾಪ. ಅದೇ ಕಾಲಿಲ್ಲದವಳು ಬೆವರು ಸುರಿಸಿ ನಕ್ಕರೆ ಮಾನಗೇಡು. ಇದು ಯಾವ ಊರಿನ ನ್ಯಾಯ?

ನೀನು ನನಗೆ ಮಾಡಿದ್ದನ್ನ ನಾನು ಮರೆತಿಲ್ಲ. ಏಳು ವರ್ಷದ ಹಿಂದೆ ನಾನು ಕೂತಿದ್ದ ಬಾಡಿಗೆ ಬೈಕು ಲಾರಿ ಕೆಳಗೆ ಹೋದಾಗ, ಗಾರೆ ಕೆಲಸ ಬಿಟ್ಟು ಓಡಿಬಂದವನು ನೀನು. ಆಸ್ಪತ್ರೆಯಲ್ಲಿ ನನ್ನ ಮಂಚದ ಪಕ್ಕ ಹನ್ನೊಂದು ದಿನ ನೆಲದ ಮೇಲೆ ಮಲಗಿದೆ. ಆಮೇಲೆ ನಿನ್ನ ಮನೆಗೆ ಕರೆದುಕೊಂಡು ಹೋಗಿ ಜಗುಲಿಯ ಮೇಲೆ ಕೂರಿಸಿದೆ. ಕೂರಿಸಿದೆ ಅಷ್ಟೇ. ನೀರಿನ ಚೊಂಬು ಎತ್ತೋಕೆ ಹೋದರೆ "ಕೂತ್ಕೋ ಕುಂಬಾ". ಮರಗೆಣಸಿನ ಸೊಪ್ಪು ಕುಟ್ಟುತ್ತೀನಿ ಅಂತ ಒನಕೆ ಹಿಡಿದರೆ "ಕೂತ್ಕೋ ಕುಂಬಾ". ಅಂಗಳಕ್ಕೆ ಇಳಿದರೆ ನಾಲ್ಕು ಜನ ಓಡಿಬಂದು ರೆಕ್ಕೆ ಹಿಡಿದು ಮತ್ತೆ ಕೂರಿಸೋರು. ಪ್ರೀತಿ ಅಣ್ಣ, ಪ್ರೀತಿಯೇ. ಆದರೆ ಎರಡು ವರ್ಷ ನಾನು ಆ ಜಗುಲಿ ಮೇಲೆ ಅಕ್ಕಿ ಮೂಟೆ ಹಾಗೆ ಬಿದ್ದಿದ್ದೆ. ಹಸಿವೆ ಇಲ್ಲದೆ ತಿಂದೆ, ದಣಿವಿಲ್ಲದೆ ಮಲಗಿದೆ, ನಿದ್ದೆ ಬರಲಿಲ್ಲ. ಮೈ ಊದಿತು, ಕೂದಲು ಉದುರಿತು. ಒಂದು ಮಧ್ಯಾಹ್ನ ತೆವಳಿಕೊಂಡು ಬಾವಿಕಟ್ಟೆಗೆ ಹೋಗಿದ್ದೆ. ಗಾಳಿಗೆ ಅಂತ ನಿನಗೆ ಹೇಳಿದ್ದು ಸುಳ್ಳು. ಯಾಕೆ ಹೋಗಿದ್ದೆ ಅನ್ನೋದು ಅತ್ತಿಗೆಗೆ ಗೊತ್ತು, ಅವಳೇ ನನ್ನ ಸೊಂಟ ಹಿಡಿದು ಎಳೆದದ್ದು. ಅಳಬೇಡ ಅತ್ತಿಗೆ, ಮುಂದೆ ಓದು.

ಕೃತಕ ಕಾಲಿನ ಅಳತೆಗೆ ಅಂತ ನೀನೇ ನನ್ನನ್ನ ಫ್ರೀಟೌನಿಗೆ ಕಳಿಸಿದೆ. ಕಾಲು ಸರಿಹೊಂದಲಿಲ್ಲ, ಹುಣ್ಣಾಯಿತು. ಆದರೆ ಆಸ್ಪತ್ರೆಯಲ್ಲಿ ಸಿಕ್ಕಿದ ಇಸಾಟು ಅನ್ನೋಳು ನನ್ನನ್ನ ಸಮುದ್ರದ ದಂಡೆಗೆ ಎಳೆದುಕೊಂಡು ಹೋದಳು. ಅಲ್ಲಿ ಹದಿನಾಲ್ಕು ಹೆಂಗಸರು ಊರುಗೋಲಿನ ಮೇಲೆ ಹಾರಾಡ್ತಿದ್ದರು. ಗೋಲು ಕಾಯೋಳಿಗೆ ಒಂದೇ ಕೈ, ಮಿಕ್ಕವರಿಗೆ ಒಂದೊಂದೇ ಕಾಲು. ಊರುಗೋಲು ಚೆಂಡಿಗೆ ತಗುಲಿದರೆ ತಪ್ಪು. ಮೊದಲ ದಿನ ನಾನು ಒಂಬತ್ತು ಸಲ ಬಿದ್ದೆ. ಒಬ್ಬರೂ ಓಡಿಬಂದು ಎತ್ತಲಿಲ್ಲ, ಅಣ್ಣ! ಇಸಾಟು ದೂರದಿಂದಲೇ ಕೂಗಿದಳು, "ಏಳೇ ದಪ್ಪೀ, ಮರಳಲ್ಲಿ ಮೊಟ್ಟೆ ಇಡ್ತಿದ್ದೀಯಾ?" ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನ ಗೇಲಿ ಮಾಡಿದ್ದರು. ಆ ರಾತ್ರಿ ಕಂಕುಳು ಉರೀತಿತ್ತು, ತೊಡೆ ಕಲ್ಲಾಗಿತ್ತು. ಎರಡು ತಟ್ಟೆ ಅನ್ನ ತಿಂದು ಕೋಳಿ ಕೂಗೋತನಕ ಸತ್ತವಳ ಹಾಗೆ ನಿದ್ದೆ ಮಾಡಿದೆ. ಅಲ್ಲಿಂದೀಚೆಗೆ ಊರಿಗೆ ಬರಲಿಲ್ಲ. ಮೀನು ಹುರಿದು ಮಾರ್ತೀನಿ, ವಾರಕ್ಕೆ ಮೂರು ಸಂಜೆ ಆಡ್ತೀನಿ. ನನಗೆ ಏನಾದರೂ ಸುಖ ಅಂತ ಇದ್ದರೆ ಅದು ನನ್ನ ಬೆವರಿನಲ್ಲೇ ಇದೆ.

ಈಗ ನಿನ್ನ ದೂತನ ವಿಷಯ. ಐಯಾ ಚಿಕ್ಕಪ್ಪ ಗುರುವಾರ ಬಂದ. ಕುಶಲ ಕೇಳಿದ, ಊಟ ಮಾಡಿದ, ಶುಕ್ರವಾರವೆಲ್ಲ ನನ್ನ ಮೀನಿಗೆ ಉಪ್ಪು ಕಮ್ಮಿ ಅಂತ ಗೊಣಗಿದ. ಶನಿವಾರ ನಮಗೆ ಬೋ ಊರಿನ ತಂಡದ ಮೇಲೆ ಪಂದ್ಯ. ಬೆಳಿಗ್ಗೆ ಎದ್ದು ನೋಡ್ತೀನಿ, ಚಿಕ್ಕಪ್ಪನೂ ಇಲ್ಲ, ನನ್ನ ಊರುಗೋಲೂ ಇಲ್ಲ! "ಊರುಗೋಲು ತಗೊಂಡ್ ಬಾ, ಅವಳು ತಾನಾಗಿ ಹಿಂದೆ ಬರ್ತಾಳೆ" ಅಂತ ನೀನೇ ಹೇಳಿಕೊಟ್ಟಿದ್ದಂತೆ. ಕುರಿಮರಿ ಎತ್ತಿಕೊಂಡರೆ ತಾಯಿಕುರಿ ಹಿಂದೆ ಬರೋ ಹಾಗಾ? ಅಣ್ಣ, ಲಾರಿ ನನ್ನ ಕಾಲು ತಗೊಂಡಿತು, ಅದು ಕಬ್ಬಿಣ, ಅದಕ್ಕೇನು ಗೊತ್ತು. ನೀನು ಗೊತ್ತಿದ್ದೂ ಗೊತ್ತಿದ್ದೂ ನನ್ನ ಇನ್ನೆರಡು ಕಾಲು ಕದಿಸಿದೆ.

ನನ್ನ ಕೋಣೆಯಿಂದ ರಸ್ತೆಗೆ ನಲವತ್ತೆರಡು ಮೆಟ್ಟಿಲು. ಒಂದೊಂದನ್ನೂ ಕುಂಡಿಯ ಮೇಲೆ ಕೂತು ಇಳಿದೆ. ಕೆಳಗೆ ಕಿತ್ತಳೆ ಮಾರೋ ಮುದುಕಿ ತಲೆ ಮೇಲೆ ಕೈಹೊತ್ತು "ಬಿದ್ದು ಸಾಯ್ತೀಯ ಕಣೇ!" ಅಂತ ಬೊಬ್ಬೆ ಹಾಕಿದಳು. "ಬಿದ್ದರೆ ಎದ್ದೇಳೋದು ಗೊತ್ತಜ್ಜಿ" ಅಂದೆ. ಆಟೋ ಹಿಡಿದು ದಂಡೆಗೆ ಹೋದೆ. ತಂಡದ ಹತ್ತಿರ ಉಳಿದಿದ್ದ ಊರುಗೋಲು ಯಾವಳೋ ಕುಳ್ಳಿಯದು. ಗೂನುಬೆನ್ನು ಮಾಡಿಕೊಂಡು ಅದರಲ್ಲೇ ಆಡಿದೆ. ಅರ್ಧ ಆಟ ಮುಗಿಯೋ ಹೊತ್ತಿಗೆ ಅವರದು ಎರಡು ಗೋಲು, ನಮ್ಮದು ಸೊನ್ನೆ.

ಆಗ ನೋಡ್ತೀನಿ, ಬಸ್ ನಿಲ್ದಾಣದಲ್ಲಿ ನನಗೆ ಕಾದು ಕಾದು ಸಾಕಾದ ಚಿಕ್ಕಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಮರಳು ತುಳೀತಾ ಬರ್ತಿದ್ದಾನೆ, ಕಂಕುಳಲ್ಲಿ ನನ್ನ ಊರುಗೋಲು. ಎಲ್ಲರೆದುರು ದರದರ ಎಳೆದುಕೊಂಡು ಹೋಗ್ತಾನೆ ಅಂದುಕೊಂಡು ಹಲ್ಲು ಕಚ್ಚಿ ನಿಂತೆ. ಅವನು ಹತ್ತಿರ ಬಂದು ನನ್ನ ಕಣ್ಣು ತಪ್ಪಿಸಿ, "ತಗೋ ಇದನ್ನ. ಆ ಗೂನು ನೋಡೋಕಾಗ್ತಿಲ್ಲ" ಅಂದ. ಅಷ್ಟೇ. ಆಮೇಲೆ ಗೆರೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತವನು ಹತ್ತು ನಿಮಿಷದಲ್ಲಿ ನಿಂತಿದ್ದ. ಇನ್ನು ಐದು ನಿಮಿಷಕ್ಕೆ ರೆಫರಿಯ ಕಡೆ ಚಪ್ಪಲಿ ಬೀಸುತ್ತಾ, "ಲೇ, ಕಣ್ಣನ್ನ ಮನೇಲಿ ಗೋಣಿಚೀಲದಲ್ಲಿ ಕಟ್ಟಿಟ್ಟು ಬಂದಿದ್ದೀಯೇನೋ!" ನಾನು ಒಂದು ಗೋಲು ಹೊಡೆದೆ. ಆದರೂ ಸೋತೆವು. ಗೆದ್ದೆವು ಅಂತ ಬರೆದಿದ್ದರೆ ನಿನಗೆ ಹೇಗೆ ಗೊತ್ತಾಗ್ತಿತ್ತು, ಆದರೆ ನಾನು ಹಲ್ಲುನೋವು ಅಂತ ಸುಳ್ಳು ಹೇಳೋ ಜಾತಿಯವಳಲ್ಲ.

ಸಂಜೆ ಅನ್ನ ಕಲಸುತ್ತಾ ಕೂತ ಚಿಕ್ಕಪ್ಪ ಕೈ ನಿಲ್ಲಿಸಿ ಅತ್ತುಬಿಟ್ಟ. "ನೀನು ಹೀಗೆ ಹಾರ್ತೀಯ, ಅವನು ನೋಡಿದರೆ ಹಾಗೆ ಕೂತಿದ್ದಾನೆ" ಅಂದ. ಆಗ ಒಂದೊಂದೇ ಹೊರಗೆ ಬಂತು. ದಿನಾ ಎರಡು ಹೊತ್ತು ನಡೆಸಿ, ಬೆರಳು ಆಡಿಸಿ, ತಡ ಮಾಡಿದಷ್ಟೂ ಕಷ್ಟ ಅಂತ ಡಾಕ್ಟರು ಹೇಳಿದ್ದಾರೆ. ವ್ಯಾಯಾಮ ಮಾಡಿಸೋಕೆ ಬಂದ ಹೆಣ್ಣುಮಗಳನ್ನ "ಅರ್ಧ ಕೊಯ್ಡು ಕಟ್ಟಿದ ಮೇಸ್ತ್ರಿಗೆ ನೀನು ಹೆಜ್ಜೆ ಕಲಿಸ್ತೀಯಾ?" ಅಂತ ಓಡಿಸಿದೆಯಂತೆ. ಜನ ನೋಡ್ತಾರೆ ಅಂತ ಅಂಗಳಕ್ಕೂ ಬರಲ್ವಂತೆ. ಅತ್ತಿಗೆ ತುತ್ತು ಮಾಡಿ ಬಾಯಿಗಿಡ್ತಾಳಂತೆ. ನಿನ್ನ ಬಲಗೈಗೇನಾಗಿದೆ? ಆ ಕೈಯಲ್ಲಿ ಫೋನ್ ಹಿಡಿದು ನನಗೆ ಬೈಯೋಕಾಗುತ್ತೆ, ಅನ್ನ ಎತ್ತೋಕಾಗಲ್ವಾ? ನನಗೆ ಕೂತ್ಕೋ ಅಂದಿದ್ದು ಪ್ರೀತಿಗೆ ಅಂತ ಇಷ್ಟು ವರ್ಷ ನಿನ್ನನ್ನ ಕ್ಷಮಿಸ್ತಾ ಬಂದೆ. ನಿನಗೆ ನೀನೇ ಕೂತ್ಕೋ ಅಂದುಕೊಂಡಿದ್ದೀಯಲ್ಲ, ಅದನ್ನ ಕ್ಷಮಿಸಲ್ಲ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಮ್ಮ ಹಿರಿಯರು ನಿನ್ನ ನರನರಕ್ಕೂ ಬಲ ಕೊಡಲಿ, ಮೊಂಡುತನಕ್ಕೆ ಮಾತ್ರ ಕೊಡದಿರಲಿ.

ನಿನ್ನ ತಂಗಿ,
ಕುಂಬಾ

ಮರೆತಿದ್ದೆ, ಬಸ್ಸಿನವನು ಕಾಗದ ಕೊಡಿ ಅಂತ ಹಾರನ್ ಹೊಡೀತಿದ್ದಾನೆ: ತಂಡಕ್ಕೆ ಒಂದು ತಿಂಗಳು ರಜೆ ಹೇಳಿದ್ದೀನಿ. ಶುಕ್ರವಾರ ಮಧ್ಯಾಹ್ನ ಕೊಯ್ಡುವಿನಲ್ಲಿರ್ತೀನಿ. ನಿಲ್ದಾಣಕ್ಕೆ ಯಾರನ್ನೂ ಕಳಿಸಬೇಡ. ನಿನ್ನ ಮನೆ ಗೇಟಿನ ಹತ್ತಿರ ನಿಂತಿರ್ತೀನಿ. ಜಗುಲಿಯಿಂದ ಗೇಟಿಗೆ ಹನ್ನೆರಡು ಹೆಜ್ಜೆ. ಗೋಡೆ ಹಿಡಿದು ಬಾ, ಅತ್ತಿಗೆಯ ಹೆಗಲು ಹಿಡಿದು ಬಾ, ಬಿದ್ದು ಎದ್ದು ಬಾ, ಬೀದಿಯವರೆಲ್ಲ ನೋಡಲಿ. ಕತ್ತಲಾದರೂ ಕಾಯ್ತೀನಿ. ನನಗಿರೋದು ಒಂದೇ ಕಾಲು, ನೀನು ಬಂದು ಗೇಟು ತೆಗೆಯೋತನಕ ಅದನ್ನ ಒಳಗಿಡಲ್ಲ.