ಹೊಳೆವ್ವನ ಹುಲ್ಲಿನ ಹೊರಿ

ಶಿವಲೀಲಾನ ಅಪ್ಪಾರಿಗೆ,

ಸತ್ತಿ ಊರಿಗೆ, ತಂಗಿ ಮನಿಗೆ ಹೊಂಟೇನ್ರಿ, ಸಂಜಿ ಬಸ್ಸಿಗೆ ಬರ್ತೇನಿ. ಬುಟ್ಟಿಯಾಗ ರೊಟ್ಟಿ, ಒಲಿ ಮ್ಯಾಲ ಝುಣಕ ಐತಿ.

ಗೊಬ್ಬರದ ಗುಂಡಿಗೆ ಸಗಣಿ ನೀರು ಹಾಕಿ ಮಣ್ಣು ಮುಚ್ಚರಿ. ಕಾಂಗ್ರೆಸ್ ಕಸಾ ಹೂವು ಬಿಡೂದ್ರೊಳಗ ಕಿತ್ತಿದ್ದಷ್ಟ ಹಾಕ್ರಿ. ಹೂ ಬಿಟ್ಟಿದ್ದು ಹಾಕಿದ್ರ ಗೊಬ್ಬರದ ಜೋಡಿ ಬೀಜಾನೂ ಹೊಲಕ್ಕ ಬಂದಾವು.

ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಸವಳಾಗಿ, ಉಪ್ಪು ಚೆಲ್ಲಿದಂಗ ಬೆಳ್ಳಗಿದ್ದ ಪಟ್ಟಿಯೊಳಗ ಈ ಸಲ ಜ್ವಾಳ ಮೊಣಕಾಲಮಟಾ ಬಂದೈತಿ. ಕಸದ ಗೊಬ್ಬರ ಅಂದಾಗ ನಿಮಗ ಹುಚ್ಚು ಹಿಡದೈತಿ ಅಂತ ನಕ್ಕಾಕಿ ನಾನ. ಈಗ ಒಪ್ಪೇನಿ.

ಆದ್ರ ಕಣ್ಣಿಗೆ ಬಿದ್ದ ಹಸರೆಲ್ಲಾ ಗುಂಡಿಗೆ ತುಂಬೂದೇನ್ರಿ? ಮೊನ್ನೆ ಬದುವಿನ ಮ್ಯಾಲಿಂದ ಒಂದು ಹುಲ್ಲಿನ ಹೊರಿ ಎತ್ತಿ ಹಾಕಿದ್ರಲ್ಲ, ಅದು ನಮ್ಮ ಹೊಲದಾಗ ಕಸಾ ತಗಿಯೋ ಹೊಳೆವ್ವ ತನ್ನ ಎಮ್ಮಿಗೆ ಕಟ್ಟಿಟ್ಟಿದ್ದು. ಕಸಾ ತಗದಾಕಿಗೆ ಮೇವು ಅನ್ನೂದು ನಿಮ್ಮ ಅಜ್ಜಾರ ಕಾಲದಿಂದ ನಡಕೊಂಡು ಬಂದೈತಿ. ಪಾಪ, ಅಕಿ ಸೆರಗು ಝಾಡಿಸಿ ಹ್ವಾದಾಕಿ ಮತ್ತ ಬಂದಿಲ್ಲ.

ಇವತ್ತ ಬದುವಿನ ಹುಲ್ಲು ಕೊಯ್ದು, ದೊಡ್ಡ ಹೊರಿ ಕಟ್ಟಿ, ನೀವ ತಲಿ ಮ್ಯಾಲ ಹೊತ್ತು ಅಕಿ ಮನಿಗೆ ಮುಟ್ಟಸ್ರಿ. ಬ್ಯಾರೆಯವರ ಕೈಯಾಗ ಕಳಸಬ್ಯಾಡ್ರಿ. ಓಣಿ ಮಂದಿ ನಕ್ರ ನಗಲಿ.

ಚಾ ಯಾಕ ಕರ್ರಗ ಐತಿ ಅಂತ ನಿನ್ನೆಯಿಂದ ಸಿಟ್ಟಿಲೆ ಕೇಳಾಕತ್ತೀರಿ. ನಮ್ಮ ಎಮ್ಮಿ ಬತ್ತಿದಾಗಿಂದ ನಮಗ ಹಾಲು ಬರೂದು ಯಾರ ಮನಿಯಿಂದ ಅಂತ ತಿಳದೀರಿ?

ಹುಲ್ಲು ಒಯ್ಯುವಾಗ ತಂಬಗಿ ಮರೀಬ್ಯಾಡ್ರಿ.