ಇಬ್ಬರೂ ತೊಗೋಬೇಕಾದ ಗುಳಿಗಿ

೧೨ ಫೆಬ್ರುವರಿ, ಗುರುವಾರ. ಇರಕಲ್ಲಗಡ.

ಸಿಟ್ಟು ಇನ್ನೂ ಇಳಿದಿಲ್ಲ. ಮೊದಲ ನನ್ನ ಮ್ಯಾಲೇ ಸಿಟ್ಟು. ಹತ್ತು ವರ್ಷದಿಂದ ಆಶಾ ಕಾರ್ಯಕರ್ತೆ ಅದೀನಿ. ಬಿಳಿಸೆರಗು ವಾಸನಿ ಬಂದ್ರ, ಕಿಬ್ಬೊಟ್ಟಿ ನೋವಾದ್ರ, ಉಚ್ಚಿ ಉರದ್ರ ನಾಚಬ್ಯಾಡ್ರಿ, ಲಗೂನ ತೋರಿಸ್ರಿ ಅಂತ ಮನಿ ಮನಿಗೆ ಹೇಳಾಕಿ ನಾನು. ನನಗ ಅದೇ ಆದಾಗ ಉಷ್ಣ ಅಂತ ಎರಡು ತಿಂಗಳು ಜೀರಗಿ ನೀರು ಕುಡದೆ.

ಇವತ್ತು ಕೊಪ್ಪಳಕ್ಕ ಹೋಗಿ ತೋರಿಸಿದೆ. ರಕ್ತಾನೂ ತೊಗೊಂಡ್ರು. "ಇದು ಗಂಡ ಹೆಂಡತಿ ಕೂಡೂದ್ರಿಂದ ದಾಟೂ ಸೋಂಕು. ಗುಳಿಗಿಗೆ ವಾಸಿ ಆಗತೈತಿ. ಆದ್ರ ನಿನ್ನ ಗಂಡಗೂ ಕೊಡಬೇಕವ್ವಾ, ಇಲ್ಲಂದ್ರ ತಿರುಗಿ ಬರತೈತಿ. ಅಲ್ಲೀತನಕ ದೂರ ಇರ್ರಿ," ಅಂದ್ರು ಡಾಕ್ಟರು.

ಸಂಜಿಗೆ ಇವರಿಗೆ ಹೇಳಿದೆ. ಗಂಗಾವತಿಯಿಂದ ಅಕ್ಕಿ ಲಾರಿ ಹೊಡಿಯೂ ನನ್ನ ಗಂಡ ಚಾ ಕುಡಕೋತ ಅಂತಾರ, "ನನಗೂ ಉರಿ ಇತ್ತು. ದೀಪಾವಳಿ ಮುಂದ ಮೆಡಿಕಲ್ ಶಾಪಿನ್ಯಾಗ ಗುಳಿಗಿ ತೊಗೊಂಡೆ, ಹೋತು."

"ನನಗ್ಯಾಕ ಹೇಳಲಿಲ್ಲ?"

"ಹೆಂಗ ಹೇಳಬೇಕಿತ್ತು?"

ಎಲ್ಲಿ, ಯಾರ ಜೋಡಿ ಅಂತ ಕೇಳೂ ಶಕ್ತಿ ಇವತ್ತಿಲ್ಲ. ಕೇಳತೀನಿ, ಬಿಡೂದಿಲ್ಲ. ಮೊದಲ ದವಾಖಾನಿ.

"ನಾಳೆ ಎಂಟರ ಬಸ್ಸಿಗೆ ನನ್ನ ಜೋಡಿ ಬರಬೇಕು ನೀವು."

ಚಾದ ಕಪ್ಪು ಕೆಳಗಿಟ್ಟು, "ಡಾಕ್ಟರು ಹೆಣಮಗಳೇನು?" ಅಂದ್ರು.

"ಹೂಂ."

"ನನಗ ನಾಚಿಕಿ ಆಗತೈತಿ."

ನಾಚಿಕಿ! ಇವರಿಗೆ, ಈಗ! ಎಂಥಾ ಸಿಟ್ಟು ಬಂತಂದ್ರ ಕಪ್ಪು ಎತ್ತಿಕೊಂಡು ಸೀದಾ ಒಳಗ ಹೋದೆ.

ಇವರ ಹಾಸಿಗಿ ಪಡಸಾಲ್ಯಾಗ ಹಾಕೇನಿ. ನಾಳಿನ ಅಂಗಿ ತಾವೇ ತೆಗದು ಗೂಟಕ್ಕ ಹಾಕ್ಕೊಂಡಾರ. ಬರತಾರ ಅನಸತೈತಿ. ಬಂದು ಗುಳಿಗಿ ನುಂಗಿದ್ರೂ ನಾನು ಮಾತ್ರ, ಎಲ್ಲಾ ಕೇಳಿ ತಿಳಕೊಳ್ಳೂತನಕ, ಆ ಹಾಸಿಗಿ ಒಳಗ ತರೂದಿಲ್ಲ.